ದಾನಿಯ ಹಣ, ತಜ್ಞರ ಮಾತು: ಬಿಸಿನೆಸ್ ಸ್ಕೂಲ್‌ಗಳ ಅನುಭವದಿಂದ ವರ್ತಕರಿಗೆ ಪಾಠ

ವಿಶ್ವವಿದ್ಯಾಲಯದ ಬಿಸಿನೆಸ್ ಸ್ಕೂಲ್ ಎಂಬುದು ಎರಡು ಬಗೆಯ ಬಂಡವಾಳದ ಮೇಲೆ ನಿಂತಿರುವ ಸಂಸ್ಥೆ. ಮೊದಲನೆಯದು ಹಳೆಯ ವಿದ್ಯಾರ್ಥಿಗಳು ನೀಡುವ ಹಣ. ಎರಡನೆಯದು ಅಲ್ಲಿನ ಅಧ್ಯಾಪಕರ ಮಾತಿಗೆ ಸಮಾಜದಲ್ಲಿರುವ ಬೆಲೆ. ಮೊದಲನೆಯದು ಜಮಾ-ಖರ್ಚಿನ ಪಟ್ಟಿಯಲ್ಲಿ ಕಾಣುತ್ತದೆ. ಎರಡನೆಯದು ಯಾವ ಆಸ್ತಿ-ಹೊಣೆ ಪಟ್ಟಿಯಲ್ಲಿಯೂ ಕಾಣುವುದಿಲ್ಲ. ಆದರೆ ಎರಡನೆಯದು ಕರಗಿದರೆ ಮೊದಲನೆಯದು ಬಹುಕಾಲ ಉಳಿಯಲಾರದು.

ಈ ವಿಷಯ ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ಮೂರು ಕಾರಣಗಳಿಂದ ಸಂಬಂಧಿಸಿದೆ. ತಾವು ಓದಿದ ಕಾಲೇಜಿಗೆ ದೇಣಿಗೆ ನೀಡುವವರು ಅವರಲ್ಲಿ ಅನೇಕರಿದ್ದಾರೆ. ಬಡ್ಡಿದರ, ವಿನಿಮಯ ದರ, ಷೇರುಪೇಟೆ ಮುಂತಾದವುಗಳ ಬಗ್ಗೆ ಪ್ರಾಧ್ಯಾಪಕರು ಪತ್ರಿಕೆ ಮತ್ತು ದೂರದರ್ಶನದಲ್ಲಿ ಹೇಳುವ ಮಾತನ್ನು ನಂಬಿ ಸರಕು ಕೊಳ್ಳುವವರು, ಸಾಲ ಮಾಡುವವರು ಇದ್ದಾರೆ. ಇವೆರಡರ ಜೊತೆಗೆ, ವಾಣಿಜ್ಯ ಸಂಸ್ಥೆಗಳು ತಾವೇ ಹಣ ಕೊಟ್ಟು ತಜ್ಞರಿಂದ ವರದಿ ಬರೆಸುವ ಪದ್ಧತಿಯೂ ಇದೆ. ಈ ಮೂರೂ ಸಂದರ್ಭಗಳಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಹಣ ಯಾರದು, ಅದು ಬಹಿರಂಗವಾಗಿದೆಯೇ? ಅಮೆರಿಕದ ಕೆಲವು ಬಿಸಿನೆಸ್ ಸ್ಕೂಲ್‌ಗಳ ಅನುಭವವು ಈ ಪ್ರಶ್ನೆಯ ಮಹತ್ವವನ್ನು ಚೆನ್ನಾಗಿ ತಿಳಿಸಿಕೊಡುತ್ತದೆ.

1. ದತ್ತಿನಿಧಿಯ ಲೆಕ್ಕ

ಹಳೆಯ ವಿದ್ಯಾರ್ಥಿಗಳ ದೇಣಿಗೆಯಲ್ಲಿ ಎರಡು ವಿಧ. ಆಯಾ ವರ್ಷವೇ ಖರ್ಚಾಗುವ ವಾರ್ಷಿಕ ದೇಣಿಗೆ ಒಂದು. ಅಸಲನ್ನು ಮುಟ್ಟದೆ ಅದರ ಉತ್ಪತ್ತಿಯನ್ನು ಮಾತ್ರ ಬಳಸುವ ದತ್ತಿನಿಧಿ ಇನ್ನೊಂದು. ದತ್ತಿನಿಧಿಯ ವಿಷಯದಲ್ಲಿ ದಾನಿಗಳು ಸಾಮಾನ್ಯವಾಗಿ ಮರೆಯುವ ಸಂಗತಿ ಹಣದುಬ್ಬರ. ಒಂದು ಉದಾಹರಣೆಯಿಂದ ಇದನ್ನು ತಿಳಿಯಬಹುದು. 1 ಕೋಟಿ ರೂಪಾಯಿ ದತ್ತಿನಿಧಿಗೆ ಶೇ. 7ರಂತೆ ವರ್ಷಕ್ಕೆ 7 ಲಕ್ಷ ರೂ. ಉತ್ಪತ್ತಿ ಬರುತ್ತದೆ, ಬೆಲೆಗಳು ವರ್ಷಕ್ಕೆ ಶೇ. 5ರಂತೆ ಏರುತ್ತವೆ ಎಂದುಕೊಳ್ಳೋಣ. ಏಳು ಲಕ್ಷವನ್ನೂ ವಿದ್ಯಾರ್ಥಿವೇತನಕ್ಕೆ ಹಂಚಿದರೆ ಅಸಲು ಪುಸ್ತಕದಲ್ಲಿ 1 ಕೋಟಿಯಾಗಿಯೇ ಉಳಿಯುತ್ತದೆ. ಆದರೆ ಸುಮಾರು 14 ವರ್ಷಗಳಲ್ಲಿ ಅದರ ಕೊಳ್ಳುವ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಅಸಲಿನ ನಿಜವಾದ ಬೆಲೆ ಉಳಿಯಬೇಕಾದರೆ 5 ಲಕ್ಷವನ್ನು ಅಸಲಿಗೇ ಸೇರಿಸಿ, 2 ಲಕ್ಷವನ್ನು ಮಾತ್ರ ಖರ್ಚು ಮಾಡಬೇಕು. ಅಮೆರಿಕದ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ನಿಧಿಯ ಮೌಲ್ಯದ ಶೇ. 4ರಿಂದ 5ರಷ್ಟನ್ನು ಮಾತ್ರ ವರ್ಷಕ್ಕೆ ಬಳಸಿಕೊಳ್ಳುವುದರ ಹಿಂದೆ ಇರುವುದು ಇದೇ ಲೆಕ್ಕಾಚಾರ.

ದೊಡ್ಡ ದೇಣಿಗೆಯ ಜೊತೆಗೆ ದಾನಿಯ ಹೆಸರೂ ಬರುವುದು ವಾಡಿಕೆ. ಕರ್ನಾಟಕದಲ್ಲಿಯೂ ಇದು ಹೊಸದಲ್ಲ. 1947ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾದ ಇಂಜಿನಿಯರಿಂಗ್ ಕಾಲೇಜು ದಾನಿ ಬಿ.ವಿ. ಭೂಮರೆಡ್ಡಿಯವರ ಹೆಸರನ್ನೇ ಹೊತ್ತಿತು. ಅಮೆರಿಕದಲ್ಲಿ ಈ ಪದ್ಧತಿ ಇಡೀ ಬಿಸಿನೆಸ್ ಸ್ಕೂಲ್‌ಗೇ ದಾನಿಯ ಹೆಸರಿಡುವ ಮಟ್ಟಕ್ಕೆ ಬೆಳೆದಿದೆ. 2008ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಬಿಸಿನೆಸ್ ಸ್ಕೂಲ್‌ಗೆ ಅಲ್ಲಿಯ 1971ರ ಎಂ.ಬಿ.ಎ. ಪದವೀಧರ ಡೇವಿಡ್ ಬೂತ್ 30 ಕೋಟಿ ಡಾಲರ್ ಮೌಲ್ಯದ ದೇಣಿಗೆ ನೀಡಿದರು. ಸಂಸ್ಥೆ ಬೂತ್ ಸ್ಕೂಲ್ ಎಂಬ ಹೆಸರು ಪಡೆಯಿತು. ಬೂತ್ ಅವರು ಡೈಮೆನ್ಷನಲ್ ಫಂಡ್ ಅಡ್ವೈಸರ್ಸ್ ಎಂಬ ಹೂಡಿಕೆ ಸಂಸ್ಥೆಯ ಸ್ಥಾಪಕರಲ್ಲೊಬ್ಬರು. ಷಿಕಾಗೋದ ಪ್ರಾಧ್ಯಾಪಕ ಯೂಜಿನ್ ಫಾಮಾ ಅವರ ಸಿದ್ಧಾಂತಗಳೇ ಆ ಸಂಸ್ಥೆಯ ಹೂಡಿಕೆ ಪದ್ಧತಿಗೆ ಅಡಿಪಾಯ. 2013ರಲ್ಲಿ ನೊಬೆಲ್ ಪುರಸ್ಕಾರ ಪಡೆದ ಫಾಮಾ ಆ ಸಂಸ್ಥೆಯ ನಿರ್ದೇಶಕ ಮಂಡಳಿಯಲ್ಲಿಯೂ ಇದ್ದವರು. ಗುರುವಿನ ಪಾಠ ಶಿಷ್ಯನ ವ್ಯಾಪಾರವಾಯಿತು. ವ್ಯಾಪಾರದ ಲಾಭ ಗುರುವಿನ ಶಾಲೆಗೆ ದಾನವಾಗಿ ಮರಳಿತು. ಇದರಲ್ಲಿ ಅಕ್ರಮವೇನೂ ಇಲ್ಲ. ಈ ಸಂಬಂಧ ಎಲ್ಲರಿಗೂ ತಿಳಿದ ವಿಷಯವೇ ಆಗಿದೆ. ಹಾಗೆ ತಿಳಿದಿರುವುದರಿಂದಲೇ ಓದುಗನು ಫಾಮಾ ಅವರ ಸಿದ್ಧಾಂತವನ್ನೂ ಅದರ ಮೇಲೆ ನಿಂತ ವ್ಯಾಪಾರವನ್ನೂ ಬೇರೆಬೇರೆಯಾಗಿ ತೂಗಿ ನೋಡಬಲ್ಲನು.

ಇದಕ್ಕೆ ಒಂದು ವರ್ಷ ಮೊದಲು, 2007ರಲ್ಲಿ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮ್ಯಾಡಿಸನ್ ನಗರದ ಬಿಸಿನೆಸ್ ಸ್ಕೂಲ್‌ನಲ್ಲಿ ತದ್ವಿರುದ್ಧವಾದ ಪ್ರಯೋಗವೊಂದು ನಡೆಯಿತು. ಹದಿಮೂರು ಮಂದಿ ಹಳೆಯ ವಿದ್ಯಾರ್ಥಿಗಳು ಒಟ್ಟುಗೂಡಿ, ತಲಾ ಕನಿಷ್ಠ 50 ಲಕ್ಷ ಡಾಲರ್‌ನಂತೆ 8.5 ಕೋಟಿ ಡಾಲರ್ ನೀಡಿದರು. ಅವರ ಷರತ್ತು ವಿಚಿತ್ರವಾದುದು: ಕನಿಷ್ಠ 20 ವರ್ಷಗಳ ಕಾಲ ಶಾಲೆಗೆ ಯಾರ ಹೆಸರನ್ನೂ ಇಡಬಾರದು. ಹೆಸರು ಪಡೆಯಲು ಹಣ ಕೊಡುವ ಕಾಲದಲ್ಲಿ ಹೆಸರು ಇಡದಿರಲು ಹಣ ಕೊಟ್ಟ ಈ ದಾನ ವಿಶೇಷ ಗಮನ ಸೆಳೆಯಿತು.

ವ್ಯಾಪಾರಿಯ ದೃಷ್ಟಿಯಿಂದ ನೋಡಿದರೆ ಇದರ ಒಳಾರ್ಥ ಬೇಗ ಹೊಳೆಯುತ್ತದೆ. ಒಬ್ಬನೇ ಗಿರಾಕಿಯನ್ನು ನೆಚ್ಚಿದ ಕಾರ್ಖಾನೆಯ ಪಾಡು ಏನೆಂಬುದು ಪ್ರತಿಯೊಬ್ಬ ಉದ್ದಿಮೆದಾರನಿಗೂ ಗೊತ್ತು. ದರ, ಗುಣಮಟ್ಟ, ಪಾವತಿಯ ವಾಯಿದೆ ಎಲ್ಲವನ್ನೂ ಆ ಗಿರಾಕಿಯೇ ನಿರ್ಧರಿಸತೊಡಗುತ್ತಾನೆ. ಶಾಲೆಗೂ ಹಾಗೆಯೇ. ಹದಿಮೂರು ಮಂದಿ ದಾನಿಗಳಿದ್ದರೆ ಸರಾಸರಿ ತಲಾ 65 ಲಕ್ಷ ಡಾಲರ್ ಆಗುತ್ತದೆ. ಅವರಲ್ಲಿ ಒಬ್ಬರು ಅಸಮಾಧಾನಗೊಂಡರೂ ಶಾಲೆ ತನ್ನ ದಾರಿಯಲ್ಲಿ ನಡೆಯಬಲ್ಲದು. ಡಾರ್ಟ್‌ಮತ್ ಕಾಲೇಜಿನ ಟಕ್ ಬಿಸಿನೆಸ್ ಸ್ಕೂಲ್ ಇನ್ನೂ ಮುಂದೆ ಹೋಗಿದೆ. 2010ರ ದಶಕದ ಹಲವು ವರ್ಷಗಳಲ್ಲಿ ಅಲ್ಲಿನ ಹಳೆಯ ವಿದ್ಯಾರ್ಥಿಗಳಲ್ಲಿ ಸುಮಾರು ಶೇ. 70ರಷ್ಟು ಮಂದಿ ವಾರ್ಷಿಕ ದೇಣಿಗೆ ನೀಡಿದ್ದಾರೆ. ಮೊತ್ತ ಸಣ್ಣದಿದ್ದರೂ ಕೈಗಳು ಹೆಚ್ಚಿದ್ದರೆ ಸಂಸ್ಥೆಯ ಬೆನ್ನೆಲುಬು ನೆಟ್ಟಗಿರುತ್ತದೆ.

2. ಅಧ್ಯಾಪಕರ ಮಾತು ಮತ್ತು ಅದರ ಬೆಲೆ

ಬಿಸಿನೆಸ್ ಸ್ಕೂಲ್‌ಗಳು ತಮ್ಮ ಅಧ್ಯಾಪಕರು ಮಾಧ್ಯಮಗಳಲ್ಲಿ ಕಾಣಿಸಿಕೊಳ್ಳುವುದನ್ನು ಬಯಸುತ್ತವೆ. ಅದರಿಂದ ಶಾಲೆಯ ಹೆಸರು ಹರಡುತ್ತದೆ, ಉತ್ತಮ ವಿದ್ಯಾರ್ಥಿಗಳು ಬರುತ್ತಾರೆ, ಹಳೆಯ ವಿದ್ಯಾರ್ಥಿಗಳಿಗೆ ಅಭಿಮಾನ ಹೆಚ್ಚುತ್ತದೆ, ಅಭಿಮಾನದ ಹಿಂದೆಯೇ ದೇಣಿಗೆಯೂ ಬರುತ್ತದೆ. ಜಾಹೀರಾತು ವಿಭಾಗಕ್ಕೆ ಖರ್ಚಿಲ್ಲದೆ ದೊರೆಯುವ ಪ್ರಚಾರ ಇದು. ಆದರೆ ಮಾಧ್ಯಮದಲ್ಲಿ ಮಾತನಾಡುವ ಪ್ರಾಧ್ಯಾಪಕನು ಬ್ಯಾಂಕು, ವಿಮಾ ಸಂಸ್ಥೆ ಅಥವಾ ಹೂಡಿಕೆ ಸಂಸ್ಥೆಯ ನಿರ್ದೇಶಕನೋ ಸಲಹೆಗಾರನೋ ಆಗಿದ್ದರೆ, ಅವನ ಮಾತನ್ನು ಶಾಲೆಯ ಹೆಸರಿನಲ್ಲಿ ಕೇಳುವ ಜನರಿಗೆ ಅದು ಗೊತ್ತಿರುವುದಿಲ್ಲ.

ಈ ಪ್ರಶ್ನೆ ಬಹುಜನರ ಗಮನಕ್ಕೆ ಬಂದದ್ದು 2010ರಲ್ಲಿ. ನ್ಯೂಯಾರ್ಕಿನ ಕೊಲಂಬಿಯಾ ಬಿಸಿನೆಸ್ ಸ್ಕೂಲ್‌ಗೆ ಅದೇ ವರ್ಷ ಎರಡು ಭಿನ್ನ ಅನುಭವಗಳಾದವು. ಅಲ್ಲಿಯ 1969ರ ಎಂ.ಬಿ.ಎ. ಪದವೀಧರ, ಕೆ.ಕೆ.ಆರ್. ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಹೆನ್ರಿ ಕ್ರಾವಿಸ್ ಹೊಸ ಆವರಣದ ಕಟ್ಟಡಕ್ಕಾಗಿ 10 ಕೋಟಿ ಡಾಲರ್ ನೀಡುವುದಾಗಿ ಘೋಷಿಸಿದರು. 2022ರಲ್ಲಿ ತೆರೆದ ಆ ಆವರಣದ ಒಂದು ಕಟ್ಟಡಕ್ಕೆ ಅವರ ಹೆಸರಿದೆ. ಅದೇ 2010ರಲ್ಲಿ ಚಾರ್ಲ್ಸ್ ಫರ್ಗುಸನ್ ನಿರ್ದೇಶಿಸಿದ ‘ಇನ್‌ಸೈಡ್ ಜಾಬ್’ ಎಂಬ ಸಾಕ್ಷ್ಯಚಿತ್ರ ಬಿಡುಗಡೆಯಾಯಿತು. 2008ರ ಆರ್ಥಿಕ ಕುಸಿತವನ್ನು ಕುರಿತ ಆ ಚಿತ್ರದಲ್ಲಿ ಹಲವು ಹೆಸರಾಂತ ಪ್ರಾಧ್ಯಾಪಕರ ಹೊರಗಿನ ಆದಾಯದ ಬಗ್ಗೆ ಪ್ರಶ್ನೆಗಳಿದ್ದವು. ಕೊಲಂಬಿಯಾದ ಇಬ್ಬರು ಪ್ರಾಧ್ಯಾಪಕರು ಅದರಲ್ಲಿ ಮುಖ್ಯವಾಗಿ ಕಾಣಿಸಿಕೊಂಡರು. ಕಟ್ಟಡದ ದಾನ ಬಹಿರಂಗವಾಗಿತ್ತು, ಗೋಡೆಯ ಮೇಲೆ ಹೆಸರೂ ಬರಲಿತ್ತು. ಮಾತಿನ ಹಿಂದಿನ ಹಣಕ್ಕೆ ಮಾತ್ರ ಅಂಥ ಫಲಕವಿರಲಿಲ್ಲ.

ಚಿತ್ರದಲ್ಲಿ ಪ್ರಸ್ತಾಪವಾದ ಒಂದು ಪ್ರಕರಣ ವಾಣಿಜ್ಯ ಸಂಸ್ಥೆಗಳ ಸದಸ್ಯರು ತಿಳಿಯಲೇಬೇಕಾದುದು; ಅದರಲ್ಲಿ ಹಣ ಕೊಟ್ಟದ್ದೇ ಒಂದು ವಾಣಿಜ್ಯ ಸಂಸ್ಥೆ. ಕೆಲವೇ ಲಕ್ಷ ಜನಸಂಖ್ಯೆಯ ಐಸ್‌ಲ್ಯಾಂಡ್ ದೇಶದ ಮೂರು ಬ್ಯಾಂಕುಗಳು ವಿದೇಶಿ ಸಾಲದಿಂದ ದೇಶದ ಒಟ್ಟು ಉತ್ಪನ್ನದ ಹಲವು ಪಟ್ಟು ಬೆಳೆದಿದ್ದವು. 2006ರ ಆರಂಭದಲ್ಲಿ ಅವುಗಳ ಬಗ್ಗೆ ವಿದೇಶಿ ಹೂಡಿಕೆದಾರರಲ್ಲಿ ಸಂದೇಹ ಹುಟ್ಟಿತು. ಆಗ ಐಸ್‌ಲ್ಯಾಂಡ್ ವಾಣಿಜ್ಯ ಸಂಸ್ಥೆಯು ಕೊಲಂಬಿಯಾದ ಪ್ರಾಧ್ಯಾಪಕ ಫ್ರೆಡೆರಿಕ್ ಮಿಷ್ಕಿನ್ ಮತ್ತು ಐಸ್‌ಲ್ಯಾಂಡಿನ ಅರ್ಥಶಾಸ್ತ್ರಜ್ಞ ಟ್ರಿಗ್ವಿ ಥಾರ್ ಹರ್ಬರ್ಟ್‌ಸನ್ ಅವರಿಂದ ‘ಐಸ್‌ಲ್ಯಾಂಡಿನ ಹಣಕಾಸು ಸ್ಥಿರತೆ’ ಎಂಬ ವರದಿಯನ್ನು ಬರೆಸಿ 2006ರ ಮೇ ತಿಂಗಳಲ್ಲಿ ಪ್ರಕಟಿಸಿತು. ಆರ್ಥಿಕ ಅಡಿಪಾಯ ಗಟ್ಟಿಯಾಗಿದೆ, ಮೇಲ್ವಿಚಾರಣೆ ಚೆನ್ನಾಗಿದೆ, ಕುಸಿತದ ಸಂಭವ ಕಡಿಮೆ ಎಂಬುದು ವರದಿಯ ಒಟ್ಟಾರೆ ಧೋರಣೆ. ಮಿಷ್ಕಿನ್ ಅವರಿಗೆ ಸಂದ ಸಂಭಾವನೆ 1,24,000 ಡಾಲರ್. 2007ರಲ್ಲಿ ಅದೇ ಸಂಸ್ಥೆ ಲಂಡನ್ ಬಿಸಿನೆಸ್ ಸ್ಕೂಲಿನ ರಿಚರ್ಡ್ ಪೋರ್ಟ್ಸ್ ಅವರನ್ನು ಸಹಲೇಖಕರಾಗುಳ್ಳ ಇನ್ನೊಂದು ವರದಿಯನ್ನೂ ಬರೆಸಿತು. 2008ರ ಅಕ್ಟೋಬರ್‌ನಲ್ಲಿ ಗ್ಲಿಟ್ನಿರ್, ಲ್ಯಾಂಡ್ಸ್‌ಬ್ಯಾಂಕಿ, ಕೌಪ್‌ಥಿಂಗ್ ಈ ಮೂರೂ ಬ್ಯಾಂಕುಗಳು ಕೆಲವೇ ದಿನಗಳ ಅಂತರದಲ್ಲಿ ಕುಸಿದವು. ಯೂರೋ ಎದುರು ದೇಶದ ನಾಣ್ಯ ಕ್ರೋನಾದ ಬೆಲೆ ಆ ಒಂದೇ ವರ್ಷದಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು. ವಿದೇಶಿ ನಾಣ್ಯದಲ್ಲಿ ಸಾಲ ಮಾಡಿದ್ದ ವರ್ತಕರ ಹೊರೆ ಇಮ್ಮಡಿಯಾಯಿತು. ಬಂಡವಾಳದ ಸಾಗಣೆಯ ಮೇಲೆ ಹೇರಿದ ನಿರ್ಬಂಧಗಳಲ್ಲಿ ಬಹುಪಾಲು ತೆರವಾದದ್ದು 2017ರಲ್ಲಿ.

ಸಂಭಾವನೆ ಪಡೆದುದರಿಂದಲೇ ವರದಿಯ ಅಭಿಪ್ರಾಯ ಬದಲಾಯಿತೆಂದು ಹೇಳಲು ಆಧಾರವಿಲ್ಲ. ಪ್ರಾಮಾಣಿಕ ತಜ್ಞರೂ ತಪ್ಪುತ್ತಾರೆ. ವರದಿಯ ಮೇಲೆ ಪ್ರಕಾಶಕರಾಗಿ ವಾಣಿಜ್ಯ ಸಂಸ್ಥೆಯ ಹೆಸರೂ ಇತ್ತು. ಆದರೂ ಎರಡು ಕೊರತೆಗಳು ಉಳಿಯುತ್ತವೆ. ಸಂಭಾವನೆಯ ಪ್ರಮಾಣ ಎಷ್ಟೆಂಬುದು ಓದುಗರ ಕಣ್ಣಿಗೆ ಬೀಳುವಂತಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಹಣ ಕೊಟ್ಟ ಸಂಸ್ಥೆ ಆ ಹೊತ್ತಿನಲ್ಲಿ ಬಯಸಿದ್ದು ಹೊರಗಿನವರಿಗೆ ಧೈರ್ಯ ಹೇಳುವ ದಾಖಲೆಯನ್ನು. ತನ್ನ ಸದಸ್ಯರಿಗೆ ಬೇಕಾಗಿದ್ದ ಎಚ್ಚರಿಕೆ ಅದರಲ್ಲಿ ದೊರೆಯಲಿಲ್ಲ.

3. ನಿಯಮಗಳಲ್ಲಿ ಆದ ಬದಲಾವಣೆ

ಹಣಕಾಸು ವಿಷಯಗಳಲ್ಲಿ ಮಾತನಾಡುವ ಅರ್ಥಶಾಸ್ತ್ರಜ್ಞರನ್ನು ಕುರಿತು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಜೆರಾಲ್ಡ್ ಎಪ್‌ಸ್ಟೀನ್ ಮತ್ತು ಜೆಸಿಕಾ ಕ್ಯಾರಿಕ್-ಹೇಗನ್‌ಬಾರ್ತ್ 2010ರಲ್ಲಿ ಒಂದು ಅಧ್ಯಯನ ನಡೆಸಿದರು. ಅವರು ಆಯ್ದುಕೊಂಡ 19 ಮಂದಿಯಲ್ಲಿ ಹೆಚ್ಚಿನವರಿಗೆ ಖಾಸಗಿ ಹಣಕಾಸು ಸಂಸ್ಥೆಗಳೊಡನೆ ಸಂಬಂಧವಿತ್ತು. ಆದರೆ ತಮ್ಮ ಲೇಖನಗಳಲ್ಲಿಯೂ ಮಾಧ್ಯಮದ ಮಾತುಗಳಲ್ಲಿಯೂ ಅದನ್ನು ಸ್ಪಷ್ಟವಾಗಿ ಹೇಳಿಕೊಂಡವರು ವಿರಳ.

ಟೀಕೆಗಳ ನಂತರ ಕೊಲಂಬಿಯಾ ಬಿಸಿನೆಸ್ ಸ್ಕೂಲ್ 2011ರ ಮೇ ತಿಂಗಳಲ್ಲಿ ಹೊಸ ನಿಯಮವನ್ನು ಅಂಗೀಕರಿಸಿತು. ಅದರಂತೆ ಅಧ್ಯಾಪಕರು ಹಿಂದಿನ ಐದು ವರ್ಷಗಳ ಹೊರಗಿನ ಸಲಹಾ ಕಾರ್ಯ, ನಿರ್ದೇಶಕ ಹುದ್ದೆ ಮೊದಲಾದವುಗಳನ್ನು ಸಾರ್ವಜನಿಕರಿಗೆ ಲಭ್ಯವಿರುವ ತಮ್ಮ ಪರಿಚಯಪತ್ರದಲ್ಲಿ ತಿಳಿಸಬೇಕು. 2012ರ ಜನವರಿಯಲ್ಲಿ ಅಮೆರಿಕನ್ ಎಕನಾಮಿಕ್ ಅಸೋಸಿಯೇಷನ್ ತನ್ನ ಪತ್ರಿಕೆಗಳಿಗೆ ಲೇಖನ ಕಳುಹಿಸುವವರಿಗೆ ಇಂಥದೇ ನಿಯಮ ಮಾಡಿತು. ವಿಷಯದೊಡನೆ ಹಿತಾಸಕ್ತಿಯುಳ್ಳ ಯಾರಿಂದಲಾದರೂ ಹಿಂದಿನ ಮೂರು ವರ್ಷಗಳಲ್ಲಿ ಒಟ್ಟು 10,000 ಡಾಲರ್ ಅಥವಾ ಹೆಚ್ಚಿನ ನೆರವು ಪಡೆದಿದ್ದರೆ ಅದನ್ನು ಪ್ರಕಟಿಸಬೇಕು. ದಿನಪತ್ರಿಕೆಯ ಲೇಖನ, ರೇಡಿಯೋ ಮತ್ತು ದೂರದರ್ಶನದ ಮಾತುಗಳಲ್ಲಿಯೂ ಇದೇ ತತ್ತ್ವವನ್ನು ಪಾಲಿಸಬೇಕೆಂದು ಸಂಘವು ತನ್ನ ಸದಸ್ಯರನ್ನು ಕೋರಿತು. ಮಾಧ್ಯಮದ ಮಟ್ಟಿಗೆ ಇದು ಕೋರಿಕೆ ಮಾತ್ರ, ಕಡ್ಡಾಯವಲ್ಲ ಎಂಬುದನ್ನು ಗಮನಿಸಬೇಕು.

ಲೆಕ್ಕಪತ್ರ ಬಲ್ಲವರಿಗೆ ಈ ತತ್ತ್ವ ಹೊಸದಲ್ಲ. ಭಾರತದ ಲೆಕ್ಕಪತ್ರ ಮಾನದಂಡ 18, ಸಂಬಂಧಿತ ಪಕ್ಷಗಳೊಡನೆ ನಡೆದ ವ್ಯವಹಾರಗಳನ್ನು ಪ್ರಕಟಿಸುವುದಕ್ಕೆ ಸಂಬಂಧಿಸಿದೆ. ಅಳಿಯನ ಅಂಗಡಿಯಿಂದ ಕಚ್ಚಾ ಸಾಮಗ್ರಿ ಕೊಳ್ಳಬಾರದೆಂದು ಆ ಮಾನದಂಡ ಹೇಳುವುದಿಲ್ಲ. ಅದು ಅನ್ವಯಿಸುವ ಸಂಬಂಧವಿದ್ದಲ್ಲಿ, ಕೊಂಡದ್ದನ್ನು ಲೆಕ್ಕಪತ್ರದ ಟಿಪ್ಪಣಿಯಲ್ಲಿ ಹೇಳಿ ಎನ್ನುತ್ತದೆ, ಅಷ್ಟೆ. ಪ್ರಕಟಿಸುವುದು ತಪ್ಪೊಪ್ಪಿಗೆಯಲ್ಲ. ಸಾಲ ಕೊಡುವ ಬ್ಯಾಂಕು, ಪಾಲುದಾರ, ಷೇರುದಾರ ಮೊದಲಾದವರು ತಾವೇ ತೂಗಿ ನೋಡಲು ಬೇಕಾದ ತಕ್ಕಡಿಯನ್ನು ಅವರ ಕೈಗೆ ಕೊಡುವುದು ಅದರ ಉದ್ದೇಶ. ದೇಣಿಗೆಗೂ ತಜ್ಞರ ಮಾತಿಗೂ ಇದೇ ಅಳತೆಗೋಲು ಸಲ್ಲುತ್ತದೆ.

4. ವರ್ತಕರು ಅನುಸರಿಸಬಹುದಾದ ಕ್ರಮ

(ಅ) ದಾನಿಯಾಗಿ: ಭಾರತದಲ್ಲಿಯೂ ಬಿಸಿನೆಸ್ ಸ್ಕೂಲ್‌ಗಳ ದತ್ತಿನಿಧಿಗಳು ಬೆಳೆಯುತ್ತಿವೆ. ಅಹಮದಾಬಾದಿನ ಭಾರತೀಯ ನಿರ್ವಹಣಾ ಸಂಸ್ಥೆಯ ಹತ್ತು ಮಂದಿ ಹಳೆಯ ವಿದ್ಯಾರ್ಥಿಗಳ 100 ಕೋಟಿ ರೂಪಾಯಿ ಆರಂಭಿಕ ವಾಗ್ದಾನದೊಡನೆ ಅಲ್ಲಿ 2020ರಲ್ಲಿ ದತ್ತಿನಿಧಿ ಸ್ಥಾಪನೆಯಾಯಿತು. ಊರಿನ ಕಾಲೇಜಿಗೆ ಒಂದು ಲಕ್ಷ ನೀಡುವ ವರ್ತಕನಿಗೂ ಅನ್ವಯಿಸುವ ನಿಯಮಗಳು ಇಂತಿವೆ.

ಮೊದಲನೆಯದಾಗಿ, ದೇಣಿಗೆ ಅಸಲಿಗೋ, ಆ ವರ್ಷದ ಖರ್ಚಿಗೋ ಎಂಬುದನ್ನು ಪತ್ರದಲ್ಲಿ ಬರೆದುಕೊಡಬೇಕು. ದತ್ತಿನಿಧಿಯಾದರೆ ಹಣದುಬ್ಬರಕ್ಕೆ ಎಷ್ಟು ಭಾಗ ಮರಳಿ ಸೇರಿಸಬೇಕೆಂಬುದನ್ನೂ ನಮೂದಿಸುವುದು ಒಳ್ಳೆಯದು.

ಎರಡನೆಯದಾಗಿ, ಆದಾಯ ತೆರಿಗೆಯ ವಿನಾಯಿತಿಯನ್ನು ಮೊದಲೇ ಪರಿಶೀಲಿಸಬೇಕು. 2,000 ರೂ. ಮೀರಿದ ನಗದು ದೇಣಿಗೆಗೆ ಆದಾಯ ತೆರಿಗೆಯ ರಿಯಾಯಿತಿ 2017-18ನೇ ಸಾಲಿನಿಂದ ದೊರೆಯದು. ಆದ್ದರಿಂದ ಚೆಕ್ಕು ಅಥವಾ ಬ್ಯಾಂಕ್ ವರ್ಗಾವಣೆಯೇ ಸರಿಯಾದ ದಾರಿ. ಕಡಿಮೆ ದರದ ಹೊಸ ತೆರಿಗೆ ಪದ್ಧತಿಯನ್ನು ಅನುಸರಿಸುವ ವ್ಯಕ್ತಿಗಳಿಗೆ ಈ ರಿಯಾಯಿತಿ ಇಲ್ಲ. ತೆರಿಗೆ ಉಳಿತಾಯವೇ ದಾನದ ಉದ್ದೇಶವಾಗಿದ್ದವರು ಈ ಲೆಕ್ಕವನ್ನು ದಾನಕ್ಕೆ ಮುಂಚೆ ಮಾಡಬೇಕು.

ಮೂರನೆಯದಾಗಿ, ನಾಮಫಲಕದ ವಿಷಯ. ದಾನಿಯ ಹೆಸರಿನ ಫಲಕ ಹಾಕಿದರೆ ಸರಕು ಮತ್ತು ಸೇವಾ ತೆರಿಗೆ ಬರುವುದೇ ಎಂಬ ಸಂದೇಹಕ್ಕೆ 2019ರ ಅಕ್ಟೋಬರ್ 11ರ 116/35/2019 ಸಂಖ್ಯೆಯ ಸುತ್ತೋಲೆ ಉತ್ತರ ನೀಡಿದೆ. ಪಡೆಯುವುದು ಧರ್ಮಾರ್ಥ ಸಂಸ್ಥೆಯಾಗಿರಬೇಕು, ಕೊಟ್ಟ ಹಣ ದಾನದ ಸ್ವರೂಪದ್ದಾಗಿರಬೇಕು, ಉದ್ದೇಶ ವ್ಯಾಪಾರದ ಲಾಭವೋ ಜಾಹೀರಾತೋ ಆಗಿರಬಾರದು. ಈ ಷರತ್ತುಗಳು ಕೂಡಿದರೆ ತೆರಿಗೆ ಇಲ್ಲ. ಕೃತಜ್ಞತೆಗಾಗಿ ಬರೆದ ಹೆಸರು ಒಂದು. ಅಂಗಡಿಯ ಸರಕಿನ ಪ್ರಚಾರ ಇನ್ನೊಂದು. ಕಾನೂನು ಎಳೆದಿರುವ ಈ ಗೆರೆಯೇ ನೀತಿಯ ಗೆರೆಯೂ ಹೌದು.

(ಆ) ಓದುಗನಾಗಿ: ಪತ್ರಿಕೆಯಲ್ಲಿ ತಜ್ಞರ ಅಭಿಪ್ರಾಯವನ್ನು ಓದುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಹಿತ. ಈ ಮಾತನ್ನು ನಂಬಿ ಜನರು ನಡೆದರೆ ಲಾಭ ಯಾರಿಗೆ? ಹೇಳುವವರು ಅಧ್ಯಾಪನದ ಹೊರತಾಗಿ ಯಾವ ಹುದ್ದೆಯಲ್ಲಿದ್ದಾರೆ? ತಾವು ಹೇಳಿದ್ದು ಯಾವ ಸಂದರ್ಭದಲ್ಲಿ ತಪ್ಪಾಗಬಹುದೆಂದು ಅವರೇ ತಿಳಿಸಿದ್ದಾರೆಯೇ? ಮೂರನೆಯ ಪ್ರಶ್ನೆಗೆ ಉತ್ತರವಿಲ್ಲದ ಅಭಿಪ್ರಾಯವನ್ನು ನಂಬಿ ದಾಸ್ತಾನು ಮಾಡುವುದಾಗಲಿ, ಸಾಲದ ಮೇಲೆ ಯಂತ್ರ ಕೊಳ್ಳುವುದಾಗಲಿ ಜಾಣತನವಲ್ಲ.

(ಇ) ವರದಿ ಬರೆಸುವ ಸಂಸ್ಥೆಯಾಗಿ: ವಾಣಿಜ್ಯ ಸಂಸ್ಥೆಗಳು ರಸ್ತೆ, ವಿದ್ಯುತ್ ದರ, ಮಾರುಕಟ್ಟೆ ಶುಲ್ಕ, ಕೈಗಾರಿಕಾ ವಸಾಹತು ಮುಂತಾದ ವಿಷಯಗಳಲ್ಲಿ ಕಾಲೇಜುಗಳಿಂದ ಅಧ್ಯಯನ ಮಾಡಿಸುವುದು ಸ್ವಾಗತಾರ್ಹ. ಆದರೆ ಹಣದಿಂದ ಪ್ರಶ್ನೆಯನ್ನು ಕೊಳ್ಳಬೇಕೇ ಹೊರತು ಉತ್ತರವನ್ನಲ್ಲ. ಸಂಭಾವನೆಯ ಮೊತ್ತವನ್ನು ವರದಿಯ ಮೊದಲ ಪುಟದಲ್ಲಿಯೇ ಮುದ್ರಿಸುವುದು, ಪ್ರತಿಕೂಲ ತೀರ್ಮಾನ ಬಂದರೂ ಪ್ರಕಟಿಸುವುದಾಗಿ ಒಪ್ಪಂದದಲ್ಲಿಯೇ ಬರೆಯುವುದು, ಅಂಕಿಅಂಶಗಳನ್ನು ಸದಸ್ಯರ ಪರಿಶೀಲನೆಗೆ ಇಡುವುದು, ಈ ಮೂರು ಷರತ್ತುಗಳನ್ನು ಪಾಲಿಸಿದರೆ ವರದಿಗೆ ಸರ್ಕಾರಿ ಕಚೇರಿಯಲ್ಲಿಯೂ ಬ್ಯಾಂಕಿನಲ್ಲಿಯೂ ಬೆಲೆ ಬರುತ್ತದೆ.

5. ಉಪಸಂಹಾರ

ಬಹಿರಂಗಪಡಿಸಿದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ ಎಂಬುದನ್ನೂ ಐಸ್‌ಲ್ಯಾಂಡಿನ ಪ್ರಕರಣ ತೋರಿಸುತ್ತದೆ. ಅಲ್ಲಿ ವರದಿಯನ್ನು ಬರೆಸಿದವರ ಹೆಸರು ಬಚ್ಚಿಟ್ಟದ್ದಾಗಿರಲಿಲ್ಲ; ಹಾಗಿದ್ದೂ ವಿಶ್ವವಿದ್ಯಾಲಯದ ಕೀರ್ತಿಯ ಮುಂದೆ ಆ ಹೆಸರು ಮಂಕಾಯಿತು. ಲೆಕ್ಕಪತ್ರದ ಟಿಪ್ಪಣಿಯನ್ನು ಬರೆಯುವುದು ಸಂಸ್ಥೆಯ ಕರ್ತವ್ಯವಾದರೆ, ಅದನ್ನು ಓದುವುದು ಹಣ ಹೂಡುವವನ ಕರ್ತವ್ಯ. ಓದದೆ ಬಿಟ್ಟ ಟಿಪ್ಪಣಿಯಿಂದ ಯಾರ ಬಂಡವಾಳವೂ ಉಳಿಯುವುದಿಲ್ಲ.

ದಾನ ಮಾಡುವ ಕೈಗಳು ಹಲವಾಗಿರಲಿ, ದಾನದ ಷರತ್ತುಗಳು ಕಾಗದದ ಮೇಲಿರಲಿ, ತಜ್ಞರ ಮಾತಿನ ಹಿಂದಿನ ಸಂಬಂಧಗಳು ತೆರೆದಿರಲಿ. ಇಷ್ಟು ಪಾಲಿಸುವ ಶಾಲೆಗೆ ಹಳೆಯ ವಿದ್ಯಾರ್ಥಿಗಳ ಹಣವೂ ಬರುತ್ತದೆ, ಅಲ್ಲಿನ ಅಧ್ಯಾಪಕರ ಮಾತಿಗೆ ಪೇಟೆಯಲ್ಲಿ ಬೆಲೆಯೂ ಇರುತ್ತದೆ. ಪೇಟೆಯಲ್ಲಿ ನಾಣ್ಯವಂತನೆಂಬ ಹೆಸರು ಗಳಿಸಲು ಒಂದು ತಲೆಮಾರು ಬೇಕು. ಅದನ್ನು ಕಳೆಯಲು ಒಂದು ಮರೆಮಾಚಿದ ಲೆಕ್ಕ ಸಾಕು. ವರ್ತಕರಿಗೆ ತಿಳಿದಿರುವ ಈ ಹಳೆಯ ಸತ್ಯ ವಿಶ್ವವಿದ್ಯಾಲಯಗಳಿಗೂ ಸಲ್ಲುತ್ತದೆ.